ನೀರು ಪುಕ್ಕಟೆ, ಹೊತ್ತಿಗೆ ರೊಕ್ಕ

ನಮ್ಮ ಮನೆಯಲ್ಲಿ ಎಲ್ಲರೂ ಕೂಗಿ ಮಾತಾಡುತ್ತಿದ್ದರು. ಅದು ಸಿಟ್ಟಿನ ಕೂಗಲ್ಲ. ಇಚಲಕರಂಜಿಯ ಪಕ್ಕದ ಯಡ್ರಾವದಲ್ಲಿ ನಮ್ಮ ಅಡುಗೆಮನೆಯ ಗೋಡೆಗೆ ಹತ್ತಿಕೊಂಡೇ ಮಗ್ಗದ ಶೆಡ್ ಇತ್ತು. ಅದರೊಳಗೆ ನಾಲ್ಕು ಪವರ್‌ಲೂಮ್‌ಗಳು ಎರಡೂ ಪಾಳಿಯಲ್ಲಿ ಬಡಿದುಕೊಳ್ಳುತ್ತಿದ್ದವು. ಗೂಟಕ್ಕೆ ಸಿಕ್ಕಿಸಿದ ಸೌಟುಗಳು ಆ ಬಡಿತಕ್ಕೆ ಸಣ್ಣಗೆ ನಡುಗುತ್ತಿದ್ದವು. ಉಪ್ಪು ಬೇಕೆಂದರೂ ಕೂಗಬೇಕು, ರೊಟ್ಟಿ ಸಾಕೆಂದರೂ ಕೂಗಬೇಕು. ನಾನು ಶಾಲೆಯಲ್ಲಿ ಐದನೆಯ ಇಯತ್ತೆಯಲ್ಲಿದ್ದಾಗ ಅಪ್ಪನೂ, ಕೊಲ್ಹಾಪುರದಲ್ಲಿ ಮನೆ ಮಾಡಿದ್ದ ಅವನ ತಮ್ಮ ಬಾಳಾಸಾಹೇಬ ಕಾಕಾನೂ ಸೇರಿ ಆ ಮಗ್ಗಗಳನ್ನು ಮಾರಿದರು. ಅಪ್ಪ ಬೇರೆಯವರ ಶೆಡ್ಡಿನಲ್ಲಿ ಮಗ್ಗ ರಿಪೇರಿ ಮಾಡುವ ಜಾಬರ್ ಕೆಲಸಕ್ಕೆ ಹೋಗತೊಡಗಿದ. ಮಗ್ಗ ಹೊತ್ತ ಟ್ರಕ್ಕು ಹೋದ ಮರುದಿನ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುತ್ತಾ ಕೂತಿದ್ದೆ. ನೆರೆಯ ಶೆಡ್ಡುಗಳ ಮಂದ ಸದ್ದಿನ ನಡುವೆ ಎಲ್ಲಿಂದಲೋ ಟಿಕ್ ಟಿಕ್ ಎಂದು ಕೇಳಿಸಿತು. ತಾಟು ಬಿಟ್ಟೆದ್ದು ಹುಡುಕಿದೆ. ಗೋಡೆಯ ಗಡಿಯಾರ! ನಾನು ಹುಟ್ಟುವ ಮೊದಲಿನಿಂದ ಅದು ಅಲ್ಲೇ ಇತ್ತು. ಮಗ್ಗಕ್ಕೆ ರಜೆಯಿದ್ದ ದಿನವೂ ನಮ್ಮ ಕೂಗಿನಲ್ಲಿ ಮುಳುಗುತ್ತಿದ್ದ ಅದಕ್ಕೆ ಸದ್ದಿದೆ ಎಂಬುದು ಮಾತ್ರ ನನಗೆ ಅಂದೇ ಗೊತ್ತಾದದ್ದು. ಆಮೇಲೆ ನನಗೆ ಎಲ್ಲದಕ್ಕೂ ಹೊತ್ತು ಹಿಡಿಯುವ ಹುಚ್ಚು ಹತ್ತಿತು. ಆಯಿಯ, ಅಂದರೆ ಅಪ್ಪನ ಅವ್ವನ, ಪೂಜೆಗೆ ಎಷ್ಟು, ಹಾಲು ಉಕ್ಕುವುದಕ್ಕೆ ಎಷ್ಟು, ಅಪ್ಪನ ಸ್ನಾನಕ್ಕೆ ಎಷ್ಟು. ಇವತ್ತಿಗೂ ದಿನಚರಿಯಲ್ಲಿ ತಾರೀಖಿನ ಪಕ್ಕ ವೇಳೆ ಬರೆಯದೆ ನನಗೆ ಸಮಾಧಾನವಿಲ್ಲ.

ಖಾಲಿಯಾದ ಆ ಶೆಡ್ಡು ಅವ್ವನ ಕಣ್ಣಿಗೆ ಬಿತ್ತು. ಅವಳ ತವರು ಗಡಹಿಂಗ್ಲಜ. ಅಲ್ಲಿ ನನ್ನ ಸೋದರಮಾವ ರಸ್ತೆಯ ಮೇಲೆ ಗಾಡಿ ತೊಳೆಯುವ ವಾಶಿಂಗ್ ಸೆಂಟರ್ ನಡೆಸುತ್ತಿದ್ದ. ಅವನು ಹೊಸ ಪಂಪು ಕೊಂಡಾಗ ಹಳೆಯದನ್ನು ಟೆಂಪೋದಲ್ಲಿ ಹೇರಿಕೊಂಡು ಒಂದು ಭಾನುವಾರ ನಮ್ಮ ಬಾಗಿಲಿಗೆ ಬಂದೇಬಿಟ್ಟ. ಕೆಂಪು ಬಣ್ಣದ ಪಂಪು, ಹಾವಿನಂತೆ ಸುತ್ತಿದ ಕರಿಯ ಪೈಪು, ತುದಿಗೆ ನೀರು ಚಿಮ್ಮಿಸುವ ಪಿಸ್ತೂಲು. ನಾನು ಶಾಲೆಯಲ್ಲಿ ಒಂದು ವಾರ ಬೇರೆ ಮಾತೇ ಆಡಲಿಲ್ಲ.

"ಅಕ್ಕಾ, ಪಂಪ್ ಹಳೇದಾದ್ರೂ ದಮ್ ಐತಿ. ಮಣ್ಣಿನ ಗ್ವಾಡಿಗೆ ಹಿಡಿಬ್ಯಾಡ, ಗ್ವಾಡಿನ ಹೋದೀತು," ಎಂದ ಮಾಮಾ. ಆಮೇಲೆ ಚಹಾ ಕುಡಿಯುತ್ತಾ ಗಡಹಿಂಗ್ಲಜದ ದರವನ್ನೂ ಹೊತ್ತನ್ನೂ ಹೇಳಿಕೊಟ್ಟ. "ಸಣ್ಣ ಗಾಡಿ ಬರೇ ತೊಳಿಯೂದು ನೂರು ರೂಪಾಯಿ, ಮುಕ್ಕಾಲು ತಾಸು. ತೊಳದು ವ್ಯಾಕ್ಸ್ ಹಚ್ಚೂದು ಮುನ್ನೂರೈವತ್ತು, ಎರಡು ತಾಸು. ವ್ಯಾಕ್ಸ್ ತೆಳ್ಳಗ ಹಚ್ಚಿ ಬಿಡು. ಮ್ಯಾಲೆ ಮಂಜು ಕೂತಂಗ ಬೆಳ್ಳಗಾದಮ್ಯಾಲ ಒರಸು. ಅಷ್ಟ."

ಅಷ್ಟೇ ಆಗಿದ್ದರೆ ಈ ಅಧ್ಯಾಯ ಇಲ್ಲಿಗೇ ಮುಗಿಯುತ್ತಿತ್ತು. ಶೆಡ್ಡಿನಲ್ಲಿ ಅರ್ಧ ಪಾಲು ಕಾಕಾನದು. ಅವನಿಗೆ ಆ ಜಾಗದಿಂದ ತಿಂಗಳಿಗೊಂದು ಬಾಡಿಗೆ ಬರಬೇಕಿತ್ತು, ಅದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮೂರಿನ ನೂಲಿನ ವ್ಯಾಪಾರಿಯೊಬ್ಬ, ಎಲ್ಲರೂ ಶೇಠ ಎಂದೇ ಕರೆಯುತ್ತಿದ್ದವನು, ಅಲ್ಲಿ ಆರು ಮಗ್ಗ ಕೂರಿಸಲು ತುದಿಗಾಲಲ್ಲಿ ನಿಂತಿದ್ದ. ಕಾಕಾ ಬಂದು ಪಂಪನ್ನು ಎರಡು ಸುತ್ತು ನೋಡಿ ಅತ್ತಿಗೆಗೆ, ಅಂದರೆ ಅವ್ವನಿಗೆ, ಗಡುವು ಹಾಕಿದ.

"ವೈನಿ, ದಸರಾ ತನಕ ನೋಡೂಣು. ನಿಮ್ಮ ಧಂದೆ ಕಾಲ ಮ್ಯಾಲ ನಿಂತ್ರ ನಿಂತೀತು. ಇಲ್ಲಾಂದ್ರ ಶೆಡ್ ಶೇಠರಿಗೆ."

"ಹೂಂ," ಎಂದಳು ಅವ್ವ. ಅವನು ಹೋದಮೇಲೆ ಅಡುಗೆಮನೆಯ ಗೋಡೆಗೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಳು. ಮದುವೆಯಾಗಿ ಬಂದ ದಿನದಿಂದ ಆ ಗೋಡೆ ನಡುಗುವುದನ್ನೇ ನೋಡಿದವಳು. ಅವಳ ಆಸೆ ಎರಡು: ಅದು ಮತ್ತೆ ನಡುಗಬಾರದು ಎಂಬುದೊಂದು, ತನ್ನದೆನ್ನುವ ಕೆಲಸವೊಂದು ಇರಬೇಕು ಎಂಬುದೊಂದು. ಇವೆರಡೂ ಬೇರೆ ಬೇರೆ ಎಂದು ಆಗ ನನಗೆ ಅನಿಸಿರಲಿಲ್ಲ, ಈಗಲೂ ಅನಿಸುವುದಿಲ್ಲ.

ಮೊದಲ ತೊಡಕು ಮನೆಯೊಳಗಿನದೇ. ನಮ್ಮದು ಜೈನರ ಮನೆ. ನೀರೆಂದರೆ ಆಯಿಗೆ ಬರೀ ನೀರಲ್ಲ, ಕಣ್ಣಿಗೆ ಕಾಣದ ಜೀವಗಳ ವಸತಿ. ಕೊಡದ ಬಾಯಿಗೆ ಎರಡು ಪದರದ ಬಟ್ಟೆ ಕಟ್ಟಿ ಗಾಳಿಸಿದ ನೀರನ್ನಷ್ಟೇ ಒಳಗೆ ಬಿಡುವವಳು ಅಜ್ಜಿ. ಅವಳು ಪಂಪಿನ ನೀರಿನ ಟಾಕಿಗೂ ಬಟ್ಟೆ ಕಟ್ಟಿಸಿದಳು. ಅವ್ವ ಮರುಮಾತಿಲ್ಲದೆ ಕಟ್ಟಿದಳು. ಆಯಿಯದು ಅದಕ್ಕಿಂತ ಗಟ್ಟಿಯಾದ ತಕರಾರು ಇನ್ನೊಂದಿತ್ತು.

"ನೀರು ಕೊಟ್ಟು ರೊಕ್ಕ ಇಸ್ಕೊಂತಿಯೇನ? ಈ ಮನಿಯಾಗ ಬಾಗಲಿಗೆ ಬಂದಾವ್ರಿಗೆ ನೀರು ಕೊಟ್ಟು ಕೈ ಮುಗದಾರ, ಕೈ ಒಡ್ಡಿಲ್ಲ."

ಈ ಮಾತು ಅವ್ವನ ಮನಸ್ಸಿನಲ್ಲಿ ಕೂತುಬಿಟ್ಟಿತು. ಮೊದಲ ಗಿರಾಕಿಯಾಗಿ ಬಂದವರು ಹಿಂದಿನ ಓಣಿಯ ಪೋಸ್ಟ್ ಮಾಸ್ತರರು. ಅವರ ಪುಟ್ಟ ಕೆಂಪು ಕಾರನ್ನು ಅವ್ವ ಸೀರೆ ಎತ್ತಿ ಕಟ್ಟಿ, ಚಕ್ರದ ಒಳಗಿನ ಕೆಸರನ್ನೂ ಬಿಡದೆ ತೊಳೆದಳು. ನಾನು ಅಡುಗೆಮನೆಯ ಕಿಟಕಿಯಿಂದ ಗಡಿಯಾರ ನೋಡಿ ನೋಡಿ ಕೂಗಿ ಹೇಳುತ್ತಿದ್ದೆ. ಕಾರು ಫಳಫಳ ಹೊಳೆಯಿತು. ಮಾಸ್ತರರು ಕಿಸೆಗೆ ಕೈ ಹಾಕಿ ಕೇಳಿದರು.

"ಎಷ್ಟಾತ್ರಿ?"

ಅವ್ವ ನೆಲ ನೋಡಿದಳು. "ನೀವು ತಿಳಿದಷ್ಟು ಕೊಡ್ರಿ."

ಅವರಿಗೆ ಮೂವತ್ತು ರೂಪಾಯಿ ತಿಳಿಯಿತು. ಸಂಜೆ ಅಪ್ಪ ನಕ್ಕು ನಕ್ಕು ತಾಟಿನ ಮುಂದೆ ಕೂತ. "ತಿಳಿದಷ್ಟು ಕೊಡ್ರಿ ಅಂದ್ರ, ತಿಳದಾವ್ರು ಕಡಿಮಿನ ಕೊಡ್ತಾರ ನೋಡು. ಆ ಸಾಬೂನಿನ ಖರ್ಚರ ಬಂತಿಲ್ಲೊ?" ಅವ್ವನೂ ನಕ್ಕಳು, ಆದರೆ ರೊಟ್ಟಿ ಬಡಿಯುವ ಸದ್ದು ಜೋರಾಯಿತು. ಮುಂದೆ ಬಂದವರೆಲ್ಲರಿಗೂ ಅದೇ ಮಾತು, ಅದೇ ನೆಲ ನೋಡುವುದು. ಗಾಡಿಗಳು ಬರುತ್ತಿದ್ದವು. ಬರದೇ ಏನು? ಇಷ್ಟು ಅಗ್ಗಕ್ಕೆ ಇಡೀ ಕೊಲ್ಹಾಪುರ ಜಿಲ್ಲೆಯಲ್ಲಿ ಯಾರೂ ತೊಳೆಯುತ್ತಿರಲಿಲ್ಲ.

ಹೀಗಿರುವಾಗ ಶೇಠನೇ ತನ್ನ ಹೊಸ ಗಾಡಿಯನ್ನು ವ್ಯಾಕ್ಸಿಗೆಂದು ತಂದ. ಕಪ್ಪು ಗಾಡಿ, ಇನ್ನೂ ಸೀಟಿನ ಪ್ಲಾಸ್ಟಿಕ್ಕು ತೆಗೆದಿರಲಿಲ್ಲ. ಬಾಡಿಗೆಗೆ ಹಿಡಿಯಬೇಕಾದ ಶೆಡ್ಡನ್ನು ಒಳಗಿನಿಂದ ನೋಡಿಕೊಳ್ಳುವುದೇ ಅವನ ನಿಜವಾದ ಕೆಲಸವೆಂದು ಅಪ್ಪ ಗೊಣಗಿದ. ಅವ್ವ ಮಾತ್ರ ಹಿಗ್ಗಿದಳು. ಅದು ಅವಳ ಮೊದಲ ವ್ಯಾಕ್ಸು! ಮಾಮಾ ಹೇಳಿದಂತೆ ತೊಳೆದಳು, ಒರೆಸಿದಳು, ಒದ್ದೆ ಸ್ಪಂಜಿನಿಂದ ಸಣ್ಣ ಸಣ್ಣ ಸುತ್ತು ಹಾಕಿ ವ್ಯಾಕ್ಸ್ ಹಚ್ಚಿದಳು, ಒಣಗಲು ಬಿಟ್ಟು ಚಹಾ ಇಡಲು ಒಳಗೆ ಬಂದಳು. ನಾನು ಗಡಿಯಾರದ ಕೆಳಗೆ ನಿಂತಿದ್ದೆ. ಅಷ್ಟರಲ್ಲಿ ಪಾಳಿ ಬದಲಾಗುವ ಹೊತ್ತಿನ ಬಿಡುವು ಮುಗಿದು ಎರಡನೇ ಪಾಳಿ ಶುರುವಾಯಿತು. ನಮ್ಮ ಎಡಕ್ಕೂ ಬಲಕ್ಕೂ ಹಿಂದಕ್ಕೂ ಮಗ್ಗದ ಶೆಡ್ಡುಗಳೇ. ಅವುಗಳ ಕಿಟಕಿಗಳಿಂದ ಹತ್ತಿಯ ಧೂಳು ಹಾರುವುದು ನಮಗೆ ಗಾಳಿಯಷ್ಟೇ ಸಹಜ. ಯಾರ ಕಣ್ಣಿಗೂ ಅದು ಬೀಳುತ್ತಿರಲಿಲ್ಲ. ನಾವು ಹೊರಗೆ ಬಂದು ನೋಡಿದಾಗ ಗಾಡಿಯ ಮೈತುಂಬ ಬಿಳಿಯ ನವಿರು ಎದ್ದು ನಿಂತಿತ್ತು. ಬಾನೆಟ್ಟಿನ ಮೇಲೆ, ಬಾಗಿಲ ಮೇಲೆ, ಕನ್ನಡಿಯ ಬೆನ್ನ ಮೇಲೆ. ಅವ್ವ ಒರೆಸಿದಷ್ಟೂ ಅದು ವ್ಯಾಕ್ಸಿನೊಳಗೆ ಕಲೆಸಿ ಗೀರು ಗೀರಾಗಿ ಹರಡಿತು. ಶೇಠ ಸೊಂಟದ ಮೇಲೆ ಕೈ ಇಟ್ಟು ಮರಾಠಿಯಲ್ಲಿ ಕೇಳಿದ.

"ವಹಿನಿ, ಹೀ ಗಾಡೀ ಆಹೇ ಕೀ ಮ್ಹೈಸ್?"

ಗಾಡಿಯೋ ಎಮ್ಮೆಯೋ ಎಂದು ಕೇಳಿದ್ದು ಓಣಿಯ ತುದಿಯವರೆಗೂ ಮುಟ್ಟಿತು. ನಮ್ಮವರ ಗಂಟಲು ಎಂಥದೆಂದು ಆಗಲೇ ಹೇಳಿದ್ದೇನೆ. ಅವನು ಕನ್ನಡಕ್ಕೂ ಬಂದ: "ತೊಳಿಯಾಕ ಕೊಟ್ರ ಮ್ಯಾಲ ಚಾದರ ನೇಯ್ದು ಕೊಟ್ಟಾರ! ಈ ಶೆಡ್ಡಿನ ಗುಣಾನ ಹಂಗ ಐತಿ ವಹಿನಿ, ಇಲ್ಲಿ ಮಗ್ಗಾನ ನಡೀಬೇಕು." ಅವ್ವ ಒಂದು ಪೈಸೆಯನ್ನೂ ಮುಟ್ಟಲಿಲ್ಲ. ಅವನು ಗಾಡಿಯನ್ನು ಹಾಗೆಯೇ ಓಡಿಸಿಕೊಂಡು ಹೋದ. ರಾತ್ರಿಯೊಳಗೆ ಸುದ್ದಿ ಕೊಲ್ಹಾಪುರಕ್ಕೂ ಮುಟ್ಟಿ ಕಾಕಾನ ಫೋನು ಬಂತು. ಅಪ್ಪ "ಹೂಂ, ಹೂಂ" ಎಂದಷ್ಟೇ ಹೇಳಿ ಇಟ್ಟ.

ನಮ್ಮಲ್ಲಿ ರಾತ್ರಿಯ ಊಟ ಹೊತ್ತು ಮುಳುಗುವ ಮೊದಲೇ ಮುಗಿಯುತ್ತದೆ. ದೀಪ ಹಚ್ಚಿದ ಮೇಲೆ ತುತ್ತಿಲ್ಲ. ಮರುದಿನದ ಆ ಊಟ ಚೆನ್ನಾಗಿ ನೆನಪಿದೆ. ಜೋಳದ ರೊಟ್ಟಿ, ಹೆಸರುಕಾಳು, ಶೇಂಗಾ ಚಟ್ನಿ. ಅಪ್ಪ, ಆಯಿ, ನಾನು ಸಾಲಾಗಿ ಕೂತಿದ್ದೆವು. ಅವ್ವ ಬಡಿಸುತ್ತಾ, ನಾಳೆ ತಮ್ಮನಿಗೆ ಫೋನು ಮಾಡಿ ಪಂಪು ವಾಪಸ್ ಒಯ್ಯಲು ಹೇಳುತ್ತೇನೆ, ಗಡಹಿಂಗ್ಲಜದಲ್ಲಿ ನಡೆಯುವುದು ಇಲ್ಲಿ ನಡೆಯುವುದಿಲ್ಲ ಎಂದಳು. ಆಯಿ ರೊಟ್ಟಿ ಮುರಿಯುತ್ತಾ, ತಲೆ ಎತ್ತದೆ, ಬೈಯುವ ದನಿಯಲ್ಲೇ ಶುರುಮಾಡಿದಳು.

"ನಾ ಶ್ಯಾವಿಗಿ ಯಾವಾಗ ಒಣಗಸ್ತೇನಿ?"

"ಬ್ಯಾಸಿಗ್ಯಾಗ," ಎಂದಳು ಅವ್ವ.

"ಬ್ಯಾಸಿಗ್ಯಾಗ ಯಾವ ದಿನಾ?"

ಅವ್ವನ ಕೈಯಲ್ಲಿದ್ದ ಸೌಟು ನಿಂತಿತು. ವಾರಕ್ಕೊಂದು ದಿನ ಊರಿನ ಮಗ್ಗಗಳಿಗೆಲ್ಲ ರಜೆ. ನಮ್ಮ ಬಾಯಲ್ಲಿ ಅದು ಸೂಟಿ. ಅಂದು ನಮ್ಮ ಕಡೆ ಕರೆಂಟೂ ಇರುವುದಿಲ್ಲ. ಆಯಿ ಶ್ಯಾವಿಗೆ, ಹಪ್ಪಳ, ಸಂಡಿಗೆ ಏನೇ ಹಾಕಿದರೂ ಆ ದಿನವೇ ಮಾಳಿಗೆಯ ಮೇಲೆ ಹಾಕುತ್ತಿದ್ದಳು. ಬೇರೆ ದಿನ ಹಾಕಿದರೆ ಹಸಿಯ ಮೇಲೆ ಹತ್ತಿ ಕೂತು, ತಿನ್ನುವಾಗ ಗಂಟಲಿಗೆ ಸಿಗುತ್ತದೆ. ಇದು ನಮ್ಮೆಲ್ಲರಿಗೂ ಗೊತ್ತಿದ್ದ ಸಂಗತಿ. ಶ್ಯಾವಿಗೆಗೆ ಹೊಂದಿಸಿಕೊಂಡಿದ್ದೆವು, ಗಾಡಿಗೆ ಹೊಂದಿಸಿರಲಿಲ್ಲ, ಅಷ್ಟೇ.

"ಕರೆಂಟ ಇರಂಗಿಲ್ಲ, ಪಂಪ್ ಹೆಂಗ ನಡೀತೈತಿ?" ಎಂದ ಅಪ್ಪ.

"ಮಾಳಿಗಿ ಮ್ಯಾಲಿನ ಟಾಕಿ ಹಿಂದಿನ ದಿನ ತುಂಬಸ್ರಿ. ಪೈಪಿನ್ಯಾಗ ತಾನ ಇಳಿತೈತಿ. ನೀರೂ ಕಡಿಮಿ ಹತ್ತತೈತಿ." ಕೊನೆಯ ಮಾತು ಹೇಳುವಾಗ ಆಯಿಯ ಮುಖದಲ್ಲಿ ಗೆದ್ದ ಕಳೆಯಿತ್ತು. ನಾನು ತಾಟಿನ ಮುಂದಿನಿಂದ ಜಿಗಿದೆದ್ದು ಬೈಸಿಕೊಂಡೆ.

ಹೊತ್ತಿನ ಸಮಸ್ಯೆ ಹಾಗೆ ಬಗೆಹರಿಯಿತು. ದರದ್ದು ಇನ್ನೂ ಉಳಿದಿತ್ತು. ಅದನ್ನು ಬಿಡಿಸಿದ್ದು ರೊಟ್ಟಿ. ಅವ್ವ ಹಿಂದಿನಿಂದಲೂ ಮಗ್ಗದ ಕೆಲಸಗಾರರ ಖಾನಾವಳಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತಿದ್ದಳು. ಒಂದು ಬೆಳಿಗ್ಗೆ ಖಾನಾವಳಿಯವನು ರೊಟ್ಟಿಗೆ ನಾಲ್ಕಾಣೆ ಕಡಿಮೆ ಕೊಡಲು ನೋಡಿದ. ಅವ್ವ ಸೆರಗು ಸಿಕ್ಕಿಸಿ ಅವನನ್ನು ಎಂಥ ತರಾಟೆಗೆ ತೆಗೆದುಕೊಂಡಳೆಂದರೆ, ಅವನು ಹಿಂದಿನ ವಾರದ ಬಾಕಿಯನ್ನೂ ಎಣಿಸಿಟ್ಟು ಹೋದ. ಜಗಲಿಯ ಮೇಲೆ ಕಾಳು ಆರಿಸುತ್ತಿದ್ದ ಆಯಿ ಹುಬ್ಬೇರಿಸಿದಳು.

"ರೊಟ್ಟಿಗೆ ಇಷ್ಟು ಬಾಯಿ ಐತಿ, ಗಾಡಿಗೆ ಯಾಕ ಮುಚ್ಚತೈತಿ?"

"ರೊಟ್ಟಿಯೊಳಗೂ ನೀರು ಹಾಕೇನೆಲ್ಲ ಅತ್ತೀ, ಅದಕ್ಕ ರೊಕ್ಕ ತಗೊಂಡೇನೇನು?" ಎಂದು ಅವ್ವ ರಭಸದಲ್ಲಿ ಹೇಳಿಬಿಟ್ಟಳು. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿದಂತೆ ನಿಂತಳು. ಆಮೇಲೆ ನಿಧಾನವಾಗಿ, ಕೂಗದೆ ಹೇಳಿದಳು. "ಗಾಡಿಗೂ ನೀರು ಪುಕ್ಕಟೆ. ನಾ ರೊಕ್ಕ ಕೈಕೆಲಸಕ್ಕ ತಗೋತೇನಿ, ಹೊತ್ತಿಗೆ ತಗೋತೇನಿ."

ಆಯಿ ಕಾಳಿನಲ್ಲಿ ಕಲ್ಲು ಹುಡುಕುತ್ತಾ, "ಹಂಗಂದ್ರ ಅಡ್ಡಿಯಿಲ್ಲ," ಎಂದಳು. ಅಷ್ಟೇ. ನನಗೆ ಮಾತ್ರ ಮೈ ಜುಮ್ಮೆಂದಿತು. ನಾನು ಗಡಿಯಾರ ನೋಡಿ ಕೂಗುತ್ತಿದ್ದದ್ದು ಬರೀ ಆಟವಲ್ಲ. ಹೊತ್ತಿಗೆ ಬೆಲೆಯಿದೆ, ಅದೂ ನನ್ನ ಅವ್ವನ ಹೊತ್ತಿಗೆ! ಒಂದು ಗಾಡಿ ತೊಳೆಯುವ ಮುಕ್ಕಾಲು ತಾಸಿನಲ್ಲಿ ಅವಳು ಎಷ್ಟು ರೊಟ್ಟಿ ಬಡಿಯುತ್ತಾಳೆ, ಅದಕ್ಕೆಷ್ಟು ಬರುತ್ತದೆ, ಸಾಬೂನಿಗೆಷ್ಟು, ಇವನ್ನು ನಾವಿಬ್ಬರೂ ಒಲೆಯ ಮುಂದೆ ಕೂತು ಕೂಡಿಸಿದೆವು. ಮಾಮಾ ಹೇಳಿದ ನೂರು ರೂಪಾಯಿ ದುಬಾರಿಯೂ ಅಲ್ಲ, ದಾನವೂ ಅಲ್ಲ ಎಂದು ಗೊತ್ತಾಯಿತು. ಅಂದಿನಿಂದ ಅವ್ವ ಗಿರಾಕಿಗೆ ದರ ಹೇಳುವ ಮೊದಲು ಹೊತ್ತು ಹೇಳತೊಡಗಿದಳು. "ಮುಕ್ಕಾಲು ತಾಸು ಹತ್ತತೈತಿ, ನೂರು ರೂಪಾಯಿ." ಇಬ್ಬರು ಮುಖ ಕಿವುಚಿ ತಿರುಗಿ ಹೋದರು. ಪೋಸ್ಟ್ ಮಾಸ್ತರರು ಕೆಮ್ಮಿ, ನೂರರ ನೋಟು ಕೊಟ್ಟರು.

ದಸರೆಗೆ ಮೊದಲಿನ ಸೂಟಿ ಬಂತು. ಆ ಹೊತ್ತಿಗೆ ಎಲ್ಲರಿಗೂ ಗಾಡಿ ಪೂಜೆಯ ತಯಾರಿ. ಐದು ಗಾಡಿಯವರು ಹೇಳಿ ಹೋಗಿದ್ದರು. ಅವ್ವ ಮೂರನ್ನು ಮಾತ್ರ ಒಪ್ಪಿದ್ದಳು. ರೊಟ್ಟಿ, ಅಡುಗೆಯ ಕೆಲಸ ಕಳೆದರೆ ಹೊತ್ತು ಮುಳುಗುವುದರೊಳಗೆ ಅದಕ್ಕಿಂತ ಹೆಚ್ಚು ಆಗುವುದಿಲ್ಲವೆಂದು ಲೆಕ್ಕ ಹಾಕಿದವಳು ನಾನೇ. ಮೊದಲನೆಯದು ಶೇಠನ ಕಪ್ಪು ಗಾಡಿ. ಹೋದ ಸಲದ್ದು ತನ್ನ ತಪ್ಪು, ಆದ್ದರಿಂದ ತೊಳೆಯುವುದು ಪುಕ್ಕಟೆ, ವ್ಯಾಕ್ಸಿಗಷ್ಟೇ ದರ ಎಂದು ಅವ್ವ ಅಪ್ಪನ ಕೈಲಿ ಹೇಳಿ ಕಳಿಸಿದ್ದಳು. ಶೇಠ ಬಂದ. ಅವನ ಹಿಂದೆಯೇ ತನ್ನ ಬಿಳಿ ಗಾಡಿಯಲ್ಲಿ ಕಾಕಾ ಬಂದ. ಗಡುವು ಮುಗಿಯುತ್ತಿತ್ತು, ಅಂದೇ ಶೆಡ್ಡಿನ ಮುಂಗಡ ಕೊಟ್ಟು ತೆಗೆದುಕೊಳ್ಳುವುದೆಂದು ಅವರಿಬ್ಬರ ನಡುವೆ ಮಾತಾಗಿತ್ತು. ಶೇಠನ ಅಂಗಿಯ ಕಿಸೆಯಲ್ಲಿ ಲಕೋಟೆ ಕಾಣುತ್ತಿತ್ತು.

"ಒಳಗ ಬರಬ್ಯಾಡ್ರಿ," ಎಂದಳು ಅವ್ವ. "ಕಾಲಿನ ಧೂಳು ಏಳತೈತಿ. ಎರಡು ತಾಸು ಜಗಲಿ ಮ್ಯಾಲ ಕೂಡ್ರಿ."

ಅರ್ಧ ಶೆಡ್ಡಿನ ಮಾಲೀಕನೂ, ಅದನ್ನು ಹಿಡಿಯಲು ಬಂದವನೂ ಜಗಲಿಯ ಮೇಲೆ ಕೂತು ಚುರುಮುರಿ ತಿಂದರು. ಊರಿಗೆ ಊರೇ ಸುಮ್ಮನಿತ್ತು. ಬಸದಿಯ ಪಾರಿವಾಳಗಳ ರೆಕ್ಕೆ ಸದ್ದು ಕೇಳುತ್ತಿತ್ತು. ಅವ್ವ ಮೇಲಿನಿಂದ ಕೆಳಗೆ ತೊಳೆದಳು. ಸಣ್ಣ ಪೈಪಿನ ನೀರು ಸಾಲದ ಕಡೆ ಅಪ್ಪ ತಂಬಿಗೆಯಿಂದ ಹಾಕಿದ. ಒರೆಸಿ ಆರಿಸಿ, ಒಂದೊಂದು ಬಾಗಿಲಿಗೆ ಬೇರೆ ಬೇರೆಯಾಗಿ ವ್ಯಾಕ್ಸ್ ಹಚ್ಚಿದಳು. ಕಪ್ಪಿನ ಮೇಲೆ ಮೆಲ್ಲಗೆ ಮಂಜು ಕೂತಿತು. ನಾವೆಲ್ಲ ಬಗ್ಗಿ ನೋಡಿದೆವು. ಒಂದು ಎಳೆ ಹತ್ತಿಯೂ ಬರಲಿಲ್ಲ! ಒರೆಸುವುದಕ್ಕೆ ಅಪ್ಪ ಮಗ್ಗದಿಂದ ತಂದ ಹೊಸ ಬಟ್ಟೆ ಗಂಜಿಯ ಬಿಗಿಗೆ ಗೀರು ಬೀಳಿಸೀತೆಂದು ಆಯಿ ತನ್ನ ಹಳೆಯ ನೂಲಿನ ಸೀರೆಯೊಂದನ್ನು ಚರ್ರನೆ ಹರಿದು ಕೊಟ್ಟಳು. ಅವ್ವನ ಕೈ ಸುತ್ತು ಸುತ್ತಿಗೂ ಮಂಜು ಸರಿದು ಒಳಗಿಂದ ಕಪ್ಪು ಬೆಳಕು ಬಂತು. ಆ ಬಾಗಿಲಿನಲ್ಲಿ ನನ್ನ ಮುಖ, ನನ್ನ ಹಿಂದೆ ಅವ್ವನ ಮುಖ, ಅದರ ಹಿಂದೆ ಇಡೀ ಆಕಾಶ ಕಂಡಿತು. ನಾನು ಕಿರುಚಿದೆ. ಈ ಸಲ ಯಾರೂ ಬೈಯಲಿಲ್ಲ.

ಶೇಠ ಬಿಳಿಯ ಕರವಸ್ತ್ರ ತೆಗೆದು ಬಾನೆಟ್ಟಿನ ಮೇಲೆ ಎಳೆದು ನೋಡಿದ.

"ಅಗದೀ ಆರಸಾ ಝಾಲಾಯ್," ಕನ್ನಡಿಯೇ ಆಗಿದೆ ಎಂದು ತಲೆದೂಗಿದ. "ಎಷ್ಟು ಕೊಡ್ಲಿ ವಹಿನಿ?"

"ಎರಡುನೂರಾ ಐವತ್ತು."

"ಎರಡನೂರು ತಗೋರಿ."

"ಇಲ್ರೀ. ಹೊತ್ತು ಹತ್ತಿದ್ದು ನೀವ ನೋಡೀರೆಲ್ಲ."

ಅವನು ನಕ್ಕು ಪೂರಾ ಎಣಿಸಿ ಕೊಟ್ಟ. ಹಾಗೆ ಕೊಟ್ಟ ಕೈಯಿಂದಲೇ ಕಿಸೆಯ ಲಕೋಟೆ ತೆಗೆದು ಕಾಕಾನ ಮುಂದೆ ಹಿಡಿದ. "ಗಾಡಿ ಛಲೋ ಆತು ಬಾಳಾಸಾಹೇಬ. ಖರೆ, ಧಂದೆ ಧಂದೇನ. ಇದು ಶೆಡ್ಡಿಂದು."

ಕಾಕಾ ಲಕೋಟೆ ಹಿಡಿದು ಅವ್ವನ ಕಡೆ ನೋಡಿದ. ಅವ್ವ ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು.

"ನಿಮ್ಮ ಪಾಲಿಗೆ ಶೇಠರು ಕೊಡೂವಷ್ಟ ಬಾಡಿಗಿ ತಿಂಗಳಾ ನಾನೂ ಕೊಡ್ತೇನ್ರಿ."

"ಏನ ವೈನಿ, ಅಣ್ಣನ ಮನಿಯಿಂದ ನಾ ಬಾಡಿಗಿ ತಗೊಳ್ಳೂದಾ? ಮಂದಿ ಏನಂದಾರು!"

"ಮನಿಯಿಂದ ಅಲ್ರಿ, ಧಂದೆಯಿಂದ. ಮಂದಿ ಏನೂ ಅನ್ನಂಗಿಲ್ಲ, ಗಾಡಿ ತರ್ತಾರ."

"ತಪ್ಪಿದ್ರ?"

"ಎರಡು ತಿಂಗಳಾ ತಪ್ಪಿದ್ರ ಮೂರನೇ ತಿಂಗಳಾ ಶೆಡ್ ಅವರಿಗೆ ಕೊಡ್ರಿ. ಪಂಪ್ ನಾನ ಎತ್ತಿ ಹೊರಗ ಇಡ್ತೇನಿ."

ಕಾಕಾ ಅಪ್ಪನ ಮುಖ ನೋಡಿದ. ಅಪ್ಪ ಪಾರಿವಾಳ ನೋಡುತ್ತಿದ್ದ. ಆಯಿ ಬಾಗಿಲ ಚೌಕಟ್ಟಿಗೆ ಒರಗಿ, "ಬಾಳ್ಯಾ, ಮಗ್ಗ ಮತ್ತ ಬಂದ್ರ ನನ್ನ ಮಾತು ನಿನಗ ಕೇಳಸಂಗಿಲ್ಲ ನೋಡು," ಎಂದಳು.

"ಮಗ್ಗ ಇದ್ದಾಗೂ ಕೇಳಿಸೈತಿ ಬಿಡವ್ವ, ಕೊಲ್ಹಾಪುರದ ತನಕ," ಎಂದ ಕಾಕಾ. ಶೇಠನೇ ಮೊದಲು ನಕ್ಕ. ಆ ನಗೆಯ ನಡುವೆ ಕಾಕಾ ಲಕೋಟೆಯನ್ನು ಶೇಠನ ಕಿಸೆಗೆ ತಿರುಗಿ ತುರುಕಿ, ಅವನ ಭುಜ ತಟ್ಟಿದ. ಅವ್ವ ಎರಡನೆಯ ಗಾಡಿಗೆ ಪೈಪು ಎಳೆದಳು. ಅವಳ ಕಿವಿಗಳು ಕೆಂಪಾಗಿದ್ದವು.

ಮೂರನೆಯ ಗಾಡಿ ಹೊರಬಿದ್ದಾಗ ಬಿಸಿಲು ಮಾಳಿಗೆಯ ಅಂಚಿಗೆ ಬಂದಿತ್ತು. ಕಾಕಾ ನಮ್ಮ ಜೊತೆಗೇ ಊಟ ಮಾಡಿ, ಕೈ ತೊಳೆದು, ಧೂಳು ಹಿಡಿದ ತನ್ನ ಬಿಳಿ ಗಾಡಿಯ ಪಕ್ಕ ನಿಂತ. ಗಾಡಿಗೆ ಬೆರಳಿನಿಂದ ಒಂದು ಗೆರೆ ಎಳೆದ.

"ವೈನಿ, ಇದಕ್ಕ?"

"ತೊಳದು ವ್ಯಾಕ್ಸ್ ಹಚ್ಚೂದು ಎರಡು ತಾಸು, ಮುನ್ನೂರೈವತ್ತು."

"ಮನಿಯಾವ್ರಿಗೂ?"

"ಬಾಡಿಗಿ ಇಸ್ಕೊಳ್ಳಾವ್ರಿಗೂ."

"ಹಂಗಾದ್ರ ಹಚ್ಚರಿ. ಕೂಡ್ತೇನಿ."

"ಇವತ್ತ ಹೊತ್ತಿಲ್ರಿ. ನಸುಕಿನ್ಯಾಗ ಬೆಳಕು ಹರದಿಂದ ಮಗ್ಗ ಚಾಲೂ ಆಗೂದರೊಳಗ ಮಾಡಿ ಇಡ್ತೇನಿ. ಗಾಡಿ ಬಿಟ್ಟು ಹೋಗ್ರಿ, ಮುಂಜಾನೆ ಬಂದು ಒಯ್ರಿ."

ಕಾಕಾ ಅವಳನ್ನೇ ನೋಡುತ್ತಾ ನಿಂತ. ಅವ್ವ ನೆಲ ನೋಡಲಿಲ್ಲ. ಅವನು ಕಿಸೆಯಿಂದ ಕೀಲಿ ತೆಗೆದು ಅವಳ ಕೈಗಿಟ್ಟು, ಗೊಣಗುತ್ತಾ, ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದ. ಅಪ್ಪ ಅವನು ತಿರುವು ದಾಟುವತನಕ ನೋಡಿ, ನಗೆ ತಡೆಯಲಾರದೆ ಅಂದ.

"ನನ್ನ ತಮ್ಮನ್ನ ಬಸ್ಸಿಗೆ ನಡಿಸಿ ಕಳಿಸಿದೆಲ್ಲ!"

"ಗಿರಾಕಿ ರೀ ಅವ್ರು," ಎಂದಳು ಅವ್ವ, ಕೂಗದೆ, "ನಾಳೆ ಬರ್ತಾರ."